ಒಪ್ಪಿಗೆ ಕೇಳುವ ಮೈದುನ

ನನ್ನ ಮೈದುನನಿಗೂ ಕಳ್ಳನಿಗೂ ಹೆಚ್ಚು ವ್ಯತ್ಯಾಸವಿಲ್ಲ. ಕಳ್ಳ ಬೀಗ ಒಡೆದು ಸುಮ್ಮನೆ ಹೋಗುತ್ತಾನೆ. ಇವನು ಬೀಗ ಒಡೆದು, ಹೇಗೆ ಒಡೆದೆನೆಂದು ಪುಟಗಟ್ಟಲೆ ಬರೆದು, ಬೀಗ ಮಾಡಿದವನಿಗೇ ಕಳಿಸಿ, ಅವನ ಕೈಲಿ ಬೈಸಿಕೊಂಡು ಬರುತ್ತಾನೆ. ಕಳ್ಳನಿಗೆ ಜೈಲು, ಇವನಿಗೆ ಡಾಕ್ಟರ್ ಪದವಿ! ಶಿವನ ನ್ಯಾಯ ನನ್ನಂಥ ಅಡುಗೆಮನೆಯವಳಿಗೆ ಹೇಗೆ ತಿಳಿಯಬೇಕು?

ಇವನ ಹೆಸರು ಬರೆಯುವಂತಿಲ್ಲ. ‘ನಿನ್ನ ಬಗ್ಗೆ ಬರೀತೀನಿ ಕಣೋ’ ಎಂದಾಗ ಅವನೇ ಹಾಕಿದ ಷರತ್ತು ಅದು. ನಮ್ಮ ಹಟ್ಟಿಯ ಹೆಸರೂ ಬೇಡವಂತೆ. ‘ಊಟಿ ಹತ್ತಿರ, ಕೆತ್ತಿ ಕಣಿವೆಯ ಕಡೆ ಒಂದು ಹಟ್ಟಿ’ ಎಂದರೆ ಸಾಕಂತೆ. ಹೋಗಲಿ, ನಾಯಿಯ ಹೆಸರಾದರೂ ಬರೆಯಲೇ ಎಂದರೆ ಬೆಚ್ಚಿಬಿದ್ದ.

“ಅಯ್ಯೋ ಅತ್ತಿಗೆ, ಅದೊಂದು ಮಾತ್ರ ಬೇಡ! ಈ ಹಟ್ಟೀಲಿ ಅರ್ಧ ಜನರ ಪಾಸ್‌ವರ್ಡು ನಮ್ಮ ನಾಯಿ ಹೆಸರೇ.”

ಯಜಮಾನರ ತಮ್ಮ ಇವನು. ಕೆಳಗೆ ಬಯಲುಸೀಮೆಯ ಒಂದು ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಾನೆ, ಸಂಶೋಧನೆ ಮಾಡುತ್ತಾನೆ. ವಿಷಯ: ಕಂಪ್ಯೂಟರ್ ವ್ಯವಸ್ಥೆಗಳ ಭದ್ರತೆ ಮತ್ತು ಖಾಸಗಿತನ. ನಮ್ಮ ಅತ್ತೆ ಅದನ್ನು ಚಿಕ್ಕದು ಮಾಡಿ ‘ನನ್ನ ಮಗ ಕಂಪ್ಯೂಟರಿಗೆ ಸೆಕ್ಯುರಿಟಿ’ ಎಂದು ಎಲ್ಲರಿಗೂ ಹೇಳಿಬಿಟ್ಟರು. ಪಕ್ಕದ ಮನೆ ರಾಜಮ್ಮ ಒಂದು ದಿನ ನನ್ನ ಕೈ ಹಿಡಿದು, “ಅಷ್ಟು ಓದಿಸಿ ಕೊನೆಗೆ ಕಾವಲು ಕೆಲಸವಾ ಅಕ್ಕಾ? ಪರವಾಗಿಲ್ಲೆ, ಯೂನಿಫಾರಂ ಕೊಡ್ತಾರೆ ಅಲ್ಲ?” ಎಂದು ಸಮಾಧಾನ ಹೇಳಿದಳು. ಅಲ್ಲಿಂದ ಶುರುವಾಯಿತು ನನ್ನ ನಾಚಿಕೆ. ಆಮೇಲೆ ಅದು ತಲೆ ಎತ್ತಲು ಬಿಟ್ಟಿಲ್ಲ.

ಹೋದ ಬೇಸಿಗೆಯಲ್ಲಿ ಅವನು ರಜೆ ಹಾಕಿ ಪೆಟ್ಟಿಗೆ ಸಮೇತ ಮನೆಗೆ ಬಂದ. ಹೊಸ ಸಂಶೋಧನೆಯಂತೆ. ಊಟಕ್ಕೆ ಕುಳಿತಾಗ ಯಜಮಾನರು ಏನು ವಿಷಯವೆಂದು ಕೇಳಿದರು.

“ಒಂದೇ ಫೋನನ್ನ ಮನೆಮಂದಿ ಎಲ್ಲ ಬಳಸ್ತಾರಲ್ಲ ಅಣ್ಣಾ, ಅಂಥ ಮನೇಲಿ ಗುಟ್ಟು ಎಲ್ಲಿರುತ್ತೆ ಅಂತ.”

ನನ್ನ ಕೈಯ ಸೌಟು ಸಾರಿನೊಳಗೆ ಜಾರಿತು.

ಏಕೆಂದರೆ ನಮ್ಮ ಮನೆಯದು ಅಂಥದೇ ಫೋನು. ಮಗಳದು ಮಗಳಿಗೆ; ಅತ್ತೆ, ಯಜಮಾನರು, ನಾನು, ಮೂವರಿಗೂ ಒಂದೇ. ಅದರೊಳಗೆ ನನ್ನದೊಂದು ಗುಟ್ಟಿತ್ತು. ಈಗ ಹೇಳಬೇಕಾದವರಿಗೆಲ್ಲ ನಾನೇ ಹೇಳಿದ್ದೇನೆ, ಬರೆಯಲು ಅಡ್ಡಿಯಿಲ್ಲ. ಆಗ ಶಿವನಿಗೂ ನನಗೂ ಬಿಟ್ಟರೆ ಮತ್ತೊಬ್ಬರಿಗೆ ತಿಳಿದಿರಲಿಲ್ಲ.

ಅದರ ಹಿಂದಿನ ಮಳೆಗಾಲದಿಂದ ನನಗೆ ಏನೋ ಆಗಿತ್ತು. ಹಾಲು ಉಕ್ಕುವುದನ್ನು ಕಣ್ಣಾರೆ ನೋಡುತ್ತ ನಿಲ್ಲುತ್ತಿದ್ದೆ. ಒಲೆ ಆರಿಸಲು ಕೈ ಏಳುತ್ತಿರಲಿಲ್ಲ. ಕಾರಣವಿಲ್ಲದೆ ಅಳು. ನಾವು ಲಿಂಗ ಕಟ್ಟಿಕೊಂಡವರು. ಬೆಳಗ್ಗೆ ಸ್ನಾನ ಮಾಡಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಪೂಜೆ ಮಾಡದೆ ಒಂದು ಗುಟುಕು ಟೀ ಕುಡಿದವಳಲ್ಲ ನಾನು. ಆ ದಿನಗಳಲ್ಲಿ ಲಿಂಗ ಅಂಗೈಯಲ್ಲಿರುತ್ತಿತ್ತು, ನಾನು ಮಾತ್ರ ಎಲ್ಲಿಯೂ ಇರುತ್ತಿರಲಿಲ್ಲ. ಮಂಡಿನೋವೆಂದು ಊಟಿಯ ಒಂದು ಆಸ್ಪತ್ರೆಗೆ ಹೋದವಳ ಮುಖ ನೋಡಿ, ಡಾಕ್ಟರಮ್ಮ ಮಂಡಿ ಬಿಟ್ಟು ಬೇರೆ ವಿಭಾಗಕ್ಕೆ ಕಳಿಸಿದರು. ಮನಸ್ಸಿನ ವಿಭಾಗ. ಅಲ್ಲಿ ಮಾತ್ರೆ ಕೊಟ್ಟರು, ಗುಣವೂ ಕಂಡಿತು. ಹಾಲು ಉಕ್ಕುವ ಮೊದಲು ಕೈ ಹೋಗತೊಡಗಿತು. ಶಿವ ಮಾಡಿದ ಉಪಕಾರಗಳನ್ನು ಎಣಿಸುವಾಗ ಅದನ್ನು ನಾನು ಮರೆಯುವುದಿಲ್ಲ.

ಆದರೆ ನಾಚಿಕೆ! ಶಿವನನ್ನು ಎದೆಯ ಮೇಲೆ ಕಟ್ಟಿಕೊಂಡವಳಿಗೆ ಮನಸ್ಸಿನ ಮಾತ್ರೆಯೇ? ಮಗಳಿಗೆ ಗಂಡು ನೋಡುತ್ತಿದ್ದ ಸಮಯ ಬೇರೆ. ‘ತಾಯಿಗೆ ತಲೆ ಸರಿಯಿಲ್ಲವಂತೆ’ ಎಂಬ ಒಂದು ಮಾತು ಸಾಕು, ಬಂದ ಗಂಡಿನ ಕಡೆಯವರು ಟೀ ಕುಡಿಯದೆ ಎದ್ದು ಹೋಗಲು. ಆದ್ದರಿಂದ ತಿಂಗಳಿಗೊಂದು ಸೋಮವಾರ ‘ಊಟಿ ಶಿವನ ಗುಡಿಗೆ’ ಎಂದು ಹೊರಡುತ್ತಿದ್ದೆ. ಸುಳ್ಳಾಗಬಾರದೆಂದು ಗುಡಿಗೂ ಹೋಗುತ್ತಿದ್ದೆ ಅನ್ನಿ! ತೊಂದರೆ ಇದ್ದದ್ದು ಹಿಂದಿನ ಭಾನುವಾರದ್ದು. ಅಂದು ಆಸ್ಪತ್ರೆಯಿಂದ ಯಂತ್ರದ ದನಿಯೊಂದು ಫೋನು ಮಾಡಿ, ನನ್ನ ಹೆಸರು, ವಿಭಾಗದ ಹೆಸರು ಎರಡನ್ನೂ ತಮಿಳಿನಲ್ಲಿ ಗಟ್ಟಿಯಾಗಿ ಹೇಳಿ ‘ನಾಳೆ ಬನ್ನಿ’ ಎನ್ನುತ್ತಿತ್ತು. ಆ ಭಾನುವಾರಗಳಲ್ಲಿ ಫೋನನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು, ಸೊಪ್ಪಿನ ನೆಪ ಮಾಡಿ, ಟೀ ತೋಟದ ಮೇಲಂಚಿಗೆ ಹೋಗಿಬಿಡುತ್ತಿದ್ದೆ.

ಈಗ ಹೇಳಿ, ಫೋನಿನ ಗುಟ್ಟು ಹುಡುಕುವುದೇ ಉದ್ಯೋಗವಾದವನು ಮನೆಯೊಳಗೇ ಚಾಪೆ ಹಾಸಿದರೆ ನನ್ನ ಗತಿ ಏನು?

ಮೊದಲ ತಿಂಗಳೇ ಪರೀಕ್ಷೆ ಬಂತು. ಸೋಮವಾರ ನಾನು ಬಸ್ಸು ಹತ್ತಿದರೆ ಇವನೂ ಹತ್ತಿದ. “ನಂಗೂ ಊಟೀಲಿ ಕೆಲಸ ಇದೆ, ಬನ್ನಿ, ನಿಮಗೊಂದು ಸೀರೆ ಕೊಡಿಸ್ತೀನಿ” ಎಂದ. ಸೀರೆ ಬೇಡವೆಂದರೆ ಅನುಮಾನ ಬರುವುದಿಲ್ಲವೇ? ಹೋದೆ. ಸೀರೆ ಆರಿಸಿದ್ದಾಯಿತು, ಮಡಚಿದ್ದಾಯಿತು. ಗಲ್ಲಾದ ಹುಡುಗಿ ಫೋನ್ ನಂಬರ್ ಕೇಳಿದಳು.

“ಯಾಕೆ?” ಎಂದ ನಮ್ಮವನು.

“ನಂಬರ್ ಪೋಡಾಮ ಬಿಲ್ ವರಾದು ಸಾರ್.” ನಂಬರ್ ಹಾಕದೆ ಬಿಲ್ಲೇ ಬರುವುದಿಲ್ಲವಂತೆ.

“ನಾನು ಸೀರೆ ತಗೊಳ್ಳೋಕೆ ಬಂದಿದ್ದೀನಿ ತಂಗಚ್ಚಿ, ಸಂಬಂಧ ಬೆಳೆಸೋಕಲ್ಲ.”

ಹುಡುಗಿ ಮುಖ ಕೆಂಪಾಗಿ ಅಂಗಡಿಯ ಮಾಲೀಕರನ್ನು ಕರೆದಳು. ಮಾಲೀಕರು ಮ್ಯಾನೇಜರನ್ನು ಕರೆದರು. ಇವನು ನಂಬರ್ ಎಲ್ಲಿಗೆ ಹೋಗುತ್ತದೆ, ಯಾರಿಗೆ ಮಾರುತ್ತಾರೆ, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂದು ಒಂದು ಪಾಠವನ್ನೇ ಮಾಡಿದ. ನಮ್ಮ ಹಿಂದೆ ಮದುವೆ ಜವಳಿಗೆ ಬಂದ ಒಂದು ಇಡೀ ಕುಟುಂಬ ಸಾಲು ನಿಂತು ನನ್ನನ್ನು ನೋಡುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕೊನೆಗೆ ಮ್ಯಾನೇಜರು ಕೈ ಮುಗಿದು ತಮ್ಮ ನಂಬರನ್ನೇ ಹಾಕಿ ಬಿಲ್ ಕೊಟ್ಟರು. ಇವನು ಹೊರಗೆ ಬಂದು, ಪಾಪ, ಆ ಮ್ಯಾನೇಜರ್ ನಂಬರ್ ಸುಮ್ಮನೆ ಹಾಳಾಯಿತೆಂದು ಮರುಗಿದ!

ಅಲ್ಲಿಂದ ಇವನನ್ನು ಕಳಚಿಕೊಳ್ಳುವುದು ಹೇಗೆಂದು ನಾನು ಯೋಚಿಸುತ್ತಿದ್ದರೆ ಅವನೇ ಹೇಳಿದ: “ನೀವು ಗುಡಿಗೆ ಹೋಗಿ ಬನ್ನಿ. ನಾನು ಇಲ್ಲೇ ಟೀ ಕುಡೀತಾ ಇರ್ತೀನಿ. ಯಾರ ಹಿಂದೇನೂ ಹೋಗೋನಲ್ಲ ನಾನು, ನನ್ನ ಸಬ್ಜೆಕ್ಟೇ ಅದು.” ಅಂದು ಡಾಕ್ಟರಮ್ಮನಿಗಿಂತ ಮೊದಲು ಟೀ ಅಂಗಡಿಯವನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮಾರನೆಯ ದಿನದಿಂದ ಸಂಶೋಧನೆ ಹಟ್ಟಿಗೆ ಇಳಿಯಿತು. ನಮ್ಮ ಹಟ್ಟಿಯ ಮನೆಗಳು ಒಂದೇ ಸಾಲು, ಗೋಡೆಗೆ ಗೋಡೆ ಅಂಟಿದವು. ಇಲ್ಲಿ ಒಗ್ಗರಣೆ ಹಾಕಿದರೆ ಮೂರನೆಯ ಮನೆಯಲ್ಲಿ ಸೀನು. ಗುಡ್ಡ ಅಡ್ಡ ಬಂದಿರುವುದರಿಂದ ಮನೆಗಳೊಳಗೆ ಸಿಗ್ನಲ್ ಇಲ್ಲ. ನಮ್ಮ ಕಿಟಕಿಯ ಒಂದು ಮೂಲೆಯಲ್ಲಿ ಎಳೆಯಷ್ಟು ಬರುತ್ತದೆ, ಅಷ್ಟೆ. ಚೆನ್ನಾಗಿ ಸಿಗುವುದು ಸಾಲಿನ ಮೇಲುಗಡೆ ಇರುವ ದೊಡ್ಡ ಚಪ್ಪಟೆ ಕಲ್ಲಿನ ಮೇಲೆ. ಹಿಂದೆ ಅಲ್ಲಿ ರಾಗಿ ಒಣಗಿಸುತ್ತಿದ್ದರು, ಈಗ ಫೋನು. ಬೆಳಗಾದರೆ ಎಲ್ಲರ ಮನೆಯ ಫೋನುಗಳೂ ಅಲ್ಲಿ ಸಾಲಾಗಿ ಬಿಸಿಲು ಕಾಯುತ್ತವೆ. ಕಾವಲಿಗೆ ಬೆಳ್ಳಿ ಅಜ್ಜ. ಗ್ಯಾಸ್ ಬುಕ್ಕಿಂಗೋ, ಬ್ಯಾಂಕೋ, ಯಾರಿಗಾದರೂ ಒಟಿಪಿ ಬಂತೆಂದರೆ ಅಜ್ಜ ಎದ್ದು ನಿಂತು, ದನ ಕರೆಯುವ ದನಿಯಲ್ಲಿ ಕೂಗುತ್ತಾರೆ:

“ರಾಜಮ್ಮಾ! ನಾಕೂ… ಒಂಬತ್ತೂ… ಸೊನ್ನೇ…”

ರಾಜಮ್ಮ ಟೀ ಗಿಡಗಳ ನಡುವಿನಿಂದ “ಸೊನ್ನೆ ಆದ ಮೇಲೇ?” ಎಂದು ತಿರುಗಿ ಕೂಗುತ್ತಾಳೆ. ಎದುರು ಗುಡ್ಡದವರಿಗೂ ಕೇಳುತ್ತದೆ.

ಇದನ್ನು ಮೊದಲ ಸಲ ಕೇಳಿದ ಮೈದುನ ಹಲ್ಲುಜ್ಜುತ್ತಿದ್ದವನು ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಮೇಲಕ್ಕೆ ಓಡಿ, ಅಜ್ಜನ ಬಾಯಿ ಮುಚ್ಚಿದ!

“ಅಜ್ಜಾ, ಕಳ್ಳರಿಗೆ ಕೇಳುತ್ತೆ!”

ಅಜ್ಜ ಗಲ್ಲಕ್ಕೆ ಅಂಟಿದ ಪೇಸ್ಟು ಒರೆಸಿಕೊಂಡರು. “ಕಳ್ಳ ಬರೋಕಾದ್ರೆ ಈ ಗುಡ್ಡ ಹತ್ತಬೇಕು ಅಲ್ಲ ತಮ್ಮಾ? ಪಾಪ, ಹತ್ತಿ ಬರಲಿ. ಟೀ ಕೊಟ್ಟು ಕಳಿಸುವೊ.”

ಮೈದುನ ಬಿಟ್ಟಾನೆಯೇ? ಉಪಾಯ ಹೂಡಿದ. ಒಂದೊಂದು ಮನೆಗೂ ಒಂದು ಗುಟ್ಟಿನ ಸಂಖ್ಯೆ. ಅಜ್ಜ ಆ ಸಂಖ್ಯೆ ಕೂಡಿಸಿ ಕೂಗಬೇಕು, ಮನೆಯವರು ಕಳೆದು ಒತ್ತಬೇಕು. ಅಜ್ಜ ಕೂಡುವಷ್ಟರಲ್ಲಿ ಒಟಿಪಿಯ ಆಯುಷ್ಯ ಮುಗಿಯುತ್ತಿತ್ತು. ಹೆಂಗಸರಂತೂ ತಮ್ಮ ಗುಟ್ಟಿನ ಸಂಖ್ಯೆ ಮರೆತು, “ಲಕ್ಷ್ಮೀ, ನನ್ನದು ಹದಿಮೂರಾ, ನಿನ್ನದು ಹದಿಮೂರಾ?” ಎಂದು ತೋಟದ ಆ ತುದಿಯಿಂದ ಈ ತುದಿಗೆ ಕೂಗತೊಡಗಿದರು. ಯಾರ ಮನೆಗೂ ಗ್ಯಾಸು ಬರಲಿಲ್ಲ. ಬೈಗುಳ ಯಾರಿಗೆ ಬಂತು ಅಂತೀರಿ? ಅವನಿಗಲ್ಲ, ನನಗೆ! ನೀರಿಗೆ ಹೋದಲ್ಲಿ, ಬಸ್ಸಿಗೆ ನಿಂತಲ್ಲಿ, “ನಿಮ್ಮ ಮೈದುನ ಯಾವಾಗ ಕೆಳಗಿಳೀತಾನೆ?” ಒಂದೇ ಪ್ರಶ್ನೆ.

ಆಮೇಲೆ ಅವನು ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸಿದ. ಅದಕ್ಕೆ ಮೊದಲು ಪ್ರತಿಯೊಬ್ಬರಿಗೂ ಒಂದು ಮಂತ್ರ ಓದುತ್ತಿದ್ದ: “ನೀವು ಹೇಳೋದು ನಿಮ್ಮ ಇಷ್ಟ. ಬೇಡ ಅನ್ನಿಸಿದರೆ ಬೇಡ. ಒಪ್ಪಿದ ಮೇಲೂ ಯಾವಾಗ ಬೇಕಾದರೂ ನಿಲ್ಲಿಸಬಹುದು. ಯಾಕೆ ಅಂತ ಕೇಳೋದಿಲ್ಲ.” ಬೆಳ್ಳಿ ಅಜ್ಜ ಕೇಳಿ ಕಣ್ಣರಳಿಸಿದರು. “ನನ್ನ ಮದುವೇಲೂ ಇಷ್ಟು ಕೇಳಲಿಲ್ಲೆ ತಮ್ಮಾ!”

ಆ ಮಾತುಕತೆಯಿಂದ ಒಂದು ಲೇಖನ ತಯಾರಾಯಿತು. ಲೇಖನದಲ್ಲಿ ತಮ್ಮ ಹೆಸರು ಎಲ್ಲಿದೆಯೆಂದು ಅಜ್ಜ ಕೇಳಲು ಬಂದರು.

“ಹೆಸರು ಹಾಕೋ ಹಾಗಿಲ್ಲ ಅಜ್ಜಾ. ಯಾರಿಗೂ ಗೊತ್ತಾಗಬಾರದು. ನೀವು ಪಿ-ಏಳು.”

“ಏನದು?”

“ಭಾಗವಹಿಸಿದವರಲ್ಲಿ ಏಳನೆಯವರು ಅಂತ.”

“ಹಟ್ಟಿಗೇ ದೊಡ್ಡವ ನಾನು. ಇಷ್ಟು ಬಾಳಿ ಪಿ-ಏಳು ಆದೆನಾ? ಒಂದಾದರೂ ಕೊಡಬಾರದಿತ್ತಾ?” ಪಿ-ಒಂದು ರಾಜಮ್ಮನೆಂದು ಯಾರೋ ಊಹಿಸಿ ಹೇಳಿದ ಮೇಲೆ ಅಜ್ಜ ಎರಡು ದಿನ ಅವಳ ಒಟಿಪಿ ಕೂಗಲಿಲ್ಲ.

ಅತ್ತೆಗೆ ಬುದ್ಧಿ ಹೇಳಲು ಹೋದದ್ದು ಇದಕ್ಕಿಂತ ಘೋರ. ಅವರಿಗೆ ಎಟಿಎಮ್ಮಿನ ಪಿನ್ ಎಲ್ಲರಿಗೂ ಹೇಳುವ ಅಭ್ಯಾಸ.

“ಅವ್ವಾ, ನಿನ್ನ ಲಿಂಗ ಬೇರೆಯವರ ಕೈಗೆ ಕೊಡ್ತೀಯಾ?”

“ಥೂ, ಬಿಡ್ತು ಅನ್ನು!”

“ಪಿನ್ನೂ ಹಾಗೇ. ನಿನ್ನದು ನಿನಗೆ ಮಾತ್ರ.”

“ಹಾಗಾದ್ರೆ ಅದಕ್ಕೂ ವಿಭೂತಿ ಹಚ್ಚಲೇನೋ, ಲಿಂಗಕ್ಕೂ ಪಿನ್ನಿಗೂ ಹೋಲಿಸ್ತೀಯಾ ಪಾಪಿ!” ಎಂದು ಅತ್ತೆ ಕೋಲು ತೆಗೆದುಕೊಂಡರು. ಆದರೂ ಮಾತು ನಾಟಿತು. ಮುಂದಿನ ಸಲ ಎಟಿಎಮ್ಮಿನಲ್ಲಿ ಅತ್ತೆ ಸೆರಗು ಪೂರ್ತಿ ಮುಚ್ಚಿಕೊಂಡು, ಜನರಿಗೆ ಬೆನ್ನು ಹಾಕಿ, ಪೂಜೆಯ ಭಕ್ತಿಯಿಂದ ಒಂದೊಂದೇ ಅಂಕಿ ಒತ್ತಿದರು. ಒತ್ತುವಾಗ “ಎರಡು, ಶಿವಶಿವಾ, ಏಳು, ಶಿವಶಿವಾ” ಎಂದು ಗಟ್ಟಿಯಾಗಿ ಜಪಿಸಿದರು. ಸಾಲಿನಲ್ಲಿದ್ದವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಶ್ರದ್ಧೆಯಿಂದ ಓದಿದೆ.

ಕೊನೆಗೆ ಉಳಿದವಳು ನಾನೊಬ್ಬಳೆ. ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತಿದ್ದಾಗ ಬಂದು ಎದುರು ಕುಳಿತ, ಮಂತ್ರ ಓದಿದ.

“ನಂಗೆ ಒಪ್ಪಿಗೆ ಇಲ್ಲ” ಎಂದೆ.

ಬೇಜಾರು ಮಾಡಿಕೊಳ್ಳುತ್ತಾನೆ, ಗೋಗರೆಯುತ್ತಾನೆ, ‘ಯಾಕೆ ಅತ್ತಿಗೆ’ ಎನ್ನುತ್ತಾನೆ ಎಂದು ಕಾದೆ. “ಸರಿ” ಎಂದು ಒಂದು ಹಿಡಿ ಕಾಯಿ ತೆಗೆದುಕೊಂಡು ಬಿಡಿಸತೊಡಗಿದ. ಆ ದಿನದಿಂದ ನಮ್ಮ ಫೋನು ಕಿಟಕಿಯಲ್ಲಿ ಅವನ ಪಕ್ಕದಲ್ಲೇ ಬಡಿದುಕೊಂಡರೂ ಮುಟ್ಟುತ್ತಿರಲಿಲ್ಲ. “ಅತ್ತಿಗೇ, ಫೋನು” ಎಂದು ಕೂಗಿ ಮುಖ ಅತ್ತ ತಿರುಗಿಸುತ್ತಿದ್ದ. ಹಾವು ಕಂಡವನ ಹಾಗೆ! ಅದನ್ನು ನೋಡಿ ನೆರೆಯವರು ನಕ್ಕರೆ ಅದಕ್ಕೂ ನನಗೇ ನಾಚಿಕೆ.

ಬಂತು ಆ ಭಾನುವಾರ. ಕೂನೂರಿನಿಂದ ಗಂಡಿನ ಕಡೆಯವರು ಮಗಳನ್ನು ನೋಡಲು ಬಂದರು: ಹುಡುಗ, ಅವನ ತಂದೆ, ಮಾತಿನ ಮಲ್ಲಿಯಾದ ಸೋದರತ್ತೆ. ಹುಡುಗ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು; ಒಳ್ಳೆಯ ಮನೆ. ದಾರಿ ಕೇಳಲು ಫೋನು ಮಾಡುತ್ತಾರೆಂದು ಯಜಮಾನರು ಬೆಳಗ್ಗೆಯೇ ನಮ್ಮ ಫೋನನ್ನು ಕಿಟಕಿಯ ಆ ಮೂಲೆಯಲ್ಲಿ ಇಟ್ಟಿದ್ದರು. ಅವರು ಬಂದ ಮೇಲೆ ಅದನ್ನು ತೆಗೆಯಲು ನನಗೆ ಬಿಡುವು ಎಲ್ಲಿ? ಟೀ, ವರ್ಕಿ ಬಿಸ್ಕತ್ತು ಆಗಿತ್ತು. ಪಾಯಸದ ಪಾತ್ರೆಯನ್ನು ತಂದು ಕಿಟಕಿಯ ಕೆಳಗಿನ ಮಣೆಯ ಮೇಲಿಟ್ಟು ಬಡಿಸಲು ಬಗ್ಗಿದ್ದೆ.

ಫೋನು ಬಡಿದುಕೊಂಡಿತು.

ನಮ್ಮ ಅತ್ತೆಗೆ ಕಿವಿ ಸ್ವಲ್ಪ ಮಂದ. ಫೋನು ತೆಗೆದರೆ ಮೊದಲು ಸ್ಪೀಕರು ಒತ್ತುತ್ತಾರೆ, ಹಲೋ ಆಮೇಲೆ. ಒತ್ತಿದರು.

“ವಣಕ್ಕಂ,” ಎಂದಿತು ಯಂತ್ರದ ದನಿ, ಮನೆಯೆಲ್ಲ ತುಂಬುವ ಹಾಗೆ. ಅದರ ಮುಂದಿನ ಮಾತುಗಳು ನನಗೆ ಬಾಯಿಪಾಠ. ಮೊದಲು ಆಸ್ಪತ್ರೆಯ ಹೆಸರು. ಆಮೇಲೆ ವಿಭಾಗ. ಆಮೇಲೆ ನಾನು. ಸೌಟು ಹಿಡಿದವಳು ಹಾಗೆಯೇ ನಿಂತೆ. ಹಾಲು ಉಕ್ಕುವುದನ್ನು ನೋಡುತ್ತ ನಿಲ್ಲುತ್ತಿದ್ದೆನಲ್ಲ, ಹಾಗೆ.

ದನಿ ಆಸ್ಪತ್ರೆಯ ಹೆಸರಿಗೆ ಬರುವ ಮೊದಲೇ ಮೂಲೆಯಲ್ಲಿ ಕುಳಿತಿದ್ದ ಮೈದುನ ಚಂಗನೆ ಹಾರಿ ಬಂದ. ಅತ್ತೆಯ ಕೈಯಿಂದ ಫೋನು ಕಿತ್ತ. ಕಿತ್ತವನು ಸೀದಾ ಪಾಯಸದ ಪಾತ್ರೆಯಲ್ಲಿ ಮುಳುಗಿಸಿದ!

ಒಂದು ಗುಳ್ಳೆ ಎದ್ದಿತು.

“ಮೋಸದ ಕರೆ!” ಎಂದು ಕೂಗಿದ. “ಕೇಳಿದರೆ ಬ್ಯಾಂಕಿನ ದುಡ್ಡೆಲ್ಲ ಹೋಗುತ್ತೆ!”

ಸೋದರತ್ತೆ ಮೂಗಿನ ಮೇಲೆ ಬೆರಳಿಟ್ಟು, ಎಲ್ಲರನ್ನೂ ಒಂದು ಸುತ್ತು ನೋಡಿ, ನಿಧಾನವಾಗಿ ಕೇಳಿದರು: “ತಪ್ಪು ತಿಳೀಬೇಡಿ. ನಿಮ್ಮ ಮನೇಲಿ… ಯಾರಿಗಾದರೂ ತಲೆ ಸ್ವಲ್ಪ… ಹಾಗೆ ಏನಾದರೂ ಉಂಟಾ?”

ಯಾವ ಪ್ರಶ್ನೆಗೆ ನಾನು ಒಂದು ವರ್ಷದಿಂದ ಹೆದರಿ ಬದುಕಿದ್ದೆನೋ ಅದೇ ಪ್ರಶ್ನೆ. ಯಜಮಾನರು ತಲೆ ತಗ್ಗಿಸಿದರು.

“ಉಂಟು,” ಎಂದ ಮೈದುನ, ಮೊಣಕೈವರೆಗೆ ಪಾಯಸ ಸೋರುತ್ತಿದ್ದ ಕೈಯೆತ್ತಿ. “ನನಗೇ. ಆದರೆ ನಾನು ಕೆಳಗೆ ಇರೋದು, ವರ್ಷಕ್ಕೊಮ್ಮೆ ಬರ್ತೀನಿ. ಹುಡುಗಿಗೆ ತೊಂದರೆ ಇಲ್ಲ.”

ಮೊದಲು ನಕ್ಕವನು ಹುಡುಗ. ಎದ್ದು ಬಂದು ಸೌಟಿನಿಂದ ಫೋನನ್ನು ಎತ್ತಿ ತಟ್ಟೆಗೆ ಹಾಕಿದ. “ಫೋನು ಉಳಿಯೋದು ಕಷ್ಟ. ಪಾಯಸ ಇನ್ನೂ ಇದೆಯಾ ಅಮ್ಮಾ, ಒಳಗೆ?” ಎಂದು ನನ್ನನ್ನೇ ಕೇಳಿದ. ಪುಣ್ಯಕ್ಕೆ ಅಡುಗೆಮನೆಯಲ್ಲಿ ಇನ್ನೊಂದು ಪಾತ್ರೆಯಿತ್ತು. ಸೋದರತ್ತೆ ಎರಡು ಲೋಟ ಕುಡಿದು, ಹೊರಡುವಾಗ ನನ್ನ ಕಿವಿಯಲ್ಲಿ, “ಒಬ್ಬೊಬ್ಬ ಹಾಗೆ ಇರ್ತಾನೆ, ನಮ್ಮಲ್ಲೂ ಉಂಟು” ಎಂದರು. ಸಂಬಂಧ ಕೂಡಿತು.

ಅವರನ್ನು ಬಸ್ಸಿಗೆ ಬಿಡಲು ಎಲ್ಲರೂ ಹೋದ ಮೇಲೆ ನಾನು ಹಿತ್ತಿಲಿಗೆ ಹೋದೆ. ಮೈದುನ ಫೋನನ್ನು ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಅಕ್ಕಿಯ ಮೊರದಲ್ಲಿ ಹುಗಿಯುತ್ತಿದ್ದ. ಯಜಮಾನರು ಬೈದದ್ದಕ್ಕೆ ಕಿವಿ ಇನ್ನೂ ಕೆಂಪಗಿತ್ತು.

“ನಿಂಗೆ ಯಾವಾಗ ಗೊತ್ತಾಯ್ತು?” ಎಂದೆ.

“ಏನು?”

“ಆ ಫೋನು ಎಲ್ಲಿಂದ ಬಂತು ಅಂತ.”

“ನಂಗೆ ಗೊತ್ತಿಲ್ಲ ಅತ್ತಿಗೆ. ಫೋನು ಬಂದಾಗ ನಿಮ್ಮ ಮುಖ ನೋಡಿದೆ, ಅಷ್ಟೆ.” ಒಂದು ಅಕ್ಕಿಕಾಳನ್ನು ಫೋನಿನ ಸಂದಿಯಿಂದ ಕೀಳುತ್ತ, ತಲೆಯೆತ್ತದೆ ಹೇಳಿದ: “ನೀವು ಒಪ್ಪಿಗೆ ಕೊಟ್ಟಿಲ್ಲವಲ್ಲ. ನಾನು ಕೇಳೋದಿಲ್ಲ.”

ಇಷ್ಟು ದಿನ ಇವನಿಂದ ನಾಚಿಕೆಪಟ್ಟೆನಲ್ಲ, ಸೀರೆ ಅಂಗಡಿಯಲ್ಲಿ, ಕಲ್ಲಿನ ಹತ್ತಿರ, ನೀರಿಗೆ ಹೋದಲ್ಲಿ. ಆ ನಾಚಿಕೆಗಳನ್ನೆಲ್ಲ ಒಟ್ಟು ಹಾಕಿದರೂ ಈಗಿನದರ ಮುಂದೆ ಏನೂ ಅಲ್ಲ. ನನಗೆ ಬರಬೇಕಾದ ಹೆಸರನ್ನು ತಾನು ಹಣೆಗೆ ಹಚ್ಚಿಕೊಂಡು, ಅದು ಏನೆಂದೂ ಕೇಳದೆ, ಅಕ್ಕಿಯಲ್ಲಿ ಫೋನು ಹುಗಿಯುತ್ತ ಕುಳಿತಿದ್ದಾನೆ.

ಒಗೆಯುವ ಕಲ್ಲಿನ ಮೇಲೆ ಕುಳಿತೆ.

“ಆ ನಿನ್ನ ಮಂತ್ರ ಓದು.”

“ಯಾವುದು?”

“ಎಲ್ಲರಿಗೂ ಓದಿದೆಯಲ್ಲ, ಅದು.”

ಕೈ ಒರೆಸಿಕೊಂಡ. ಜೇಬಿನಿಂದ ಪೆನ್ನು ತೆಗೆದು, ಅಭ್ಯಾಸಬಲದಿಂದ ಮುಚ್ಚಳ ಬಿಚ್ಚಿದ. “ನೀವು ಹೇಳೋದು ನಿಮ್ಮ ಇಷ್ಟ. ಬೇಡ ಅನ್ನಿಸಿದರೆ ಬೇಡ. ಒಪ್ಪಿದ ಮೇಲೂ ಯಾವಾಗ ಬೇಕಾದರೂ ನಿಲ್ಲಿಸಬಹುದು. ಯಾಕೆ ಅಂತ ಕೇಳೋದಿಲ್ಲ.”

“ಹೂಂ” ಎಂದೆ. ಹೇಳಿದೆ. ಉಕ್ಕಿದ ಹಾಲಿನಿಂದ ಹಿಡಿದು ನಾಳೆಯ ಸೋಮವಾರದವರೆಗೆ. ನಡುವೆ ಎರಡು ಸಲ ನಿಲ್ಲಿಸಿದೆ. ಎರಡು ಸಲವೂ ಅವನು ಯಾಕೆಂದು ಕೇಳಲಿಲ್ಲ.

ಎಲ್ಲ ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಸ್ವಲ್ಪ ನಗು ಬರಲೆಂದು ಕೇಳಿದೆ: “ನನ್ನ ನಂಬರ್ ಎಷ್ಟಪ್ಪಾ? ಬೆಳ್ಳಿ ಅಜ್ಜನಿಗಿಂತ ಮುಂದಾ, ಹಿಂದಾ?”

ಅವನು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದ.

“ನಿಮಗೆ ನಂಬರ್ ಇಲ್ಲ,” ಎಂದ. “ನೀವು ಅತ್ತಿಗೆ.”